ಲೋಕಾಂತ್ಯದ ಭವಿಷ್ಯವಾಣಿಗೆ ಕ್ರೈಸ್ತರು ಹೇಳುವ ಹಲವು ಅರ್ಥಗಳು

ಮಾನವನು ತನ್ನ ಆದಿಯನ್ನು ಕುರಿತು ಎಷ್ಟು ಚಿಂತಿಸಿರುವನೋ ಅಂತ್ಯವನ್ನು ಕುರಿತೂ ಅಷ್ಟೇ ಚಿಂತಿಸಿದ್ದಾನೆ. ನಮ್ಮ ಸುತ್ತಮುತ್ತಲೇ ಇದಕ್ಕೆ ಸಾಕಷ್ಟು ನಿದರ್ಶನಗಳಿವೆ. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ವರಾಹ, ನರಸಿಂಹ, ವಾಮನರನ್ನು ಶಿಲ್ಪಿಗಳು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಅವರೆಲ್ಲ ಬಂದುಹೋದ ಅವತಾರಗಳು. ಕಲ್ಕಿಯೊಬ್ಬ ಮಾತ್ರ ಇನ್ನು ಬರಬೇಕಾದವನು. ಪುರಾಣಗಳ ಲೆಕ್ಕದಲ್ಲಿ ಕಲಿಯುಗದ ಅವಧಿ 4,32,000 ವರ್ಷ. ಅದರಲ್ಲಿ ಕಳೆದಿರುವುದು 5,000ಕ್ಕಿಂತ ಸ್ವಲ್ಪ ಹೆಚ್ಚು. ಹಳೇಬೀಡಿನ ಬಸದಿಗಳನ್ನು ಕಟ್ಟಿಸಿದ ಜೈನರ ಕಾಲಗಣನೆಯಲ್ಲಿ ನಾವು ಈಗ ಇರುವುದು ಅವಸರ್ಪಿಣಿಯ ಐದನೆಯ ಕಾಲದಲ್ಲಿ. ಅದು 21,000 ವರ್ಷಗಳದು. ಈ ಎರಡು ಲೆಕ್ಕಗಳಲ್ಲಿಯೂ ಅಂತ್ಯವು ಬಹು ದೂರದಲ್ಲಿದೆ. ಅದು ಬಂದ ಮೇಲೂ ಚಕ್ರ ಮತ್ತೆ ತಿರುಗುತ್ತದೆ. ಆದುದರಿಂದಲೇ ನಮ್ಮಲ್ಲಿ ಬಹುಮಂದಿ ಯುಗಾಂತ್ಯವನ್ನು ನೆನೆದು ನಿದ್ದೆಗೆಡುವುದಿಲ್ಲ.

ಕ್ರೈಸ್ತಮತದಲ್ಲಿ ಕಾಲದ ಕಲ್ಪನೆ ಬೇರೆ. ಅಲ್ಲಿ ಕಾಲವು ಚಕ್ರವಲ್ಲ, ನೇರವಾದ ದಾರಿ. ಸೃಷ್ಟಿಯಿಂದ ಹೊರಟು ತೀರ್ಪಿನ ದಿನಕ್ಕೆ ಅದು ಒಂದೇ ಸಲ ಮುಟ್ಟುತ್ತದೆ. ಹೀಗಾಗಿ ಆ ದಿನ ಎಂದು, ಅದಕ್ಕೆ ಮುಂಚೆ ಏನು, ಅನಂತರ ಏನು ಎಂಬ ಪ್ರಶ್ನೆಗಳಿಗೆ ಅಲ್ಲಿ ಹೆಚ್ಚಿನ ತೂಕವುಂಟು. ಆದರೆ ಈ ಪ್ರಶ್ನೆಗಳಿಗೆ ಕ್ರೈಸ್ತರೆಲ್ಲರೂ ಒಂದೇ ಉತ್ತರ ಕೊಡುತ್ತಾರೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಸ್ತುಸ್ಥಿತಿ ಹಾಗಿಲ್ಲ. ಆ ಉತ್ತರಗಳನ್ನು ಸರಳವಾಗಿ ವಿಂಗಡಿಸಿ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ಕ್ರೈಸ್ತನಲ್ಲ, ಇತಿಹಾಸದ ವಿದ್ಯಾರ್ಥಿ. ಯಾವ ಮತವು ಸತ್ಯವೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ.

ಈ ವಿಷಯವನ್ನು ಅಭ್ಯಾಸಮಾಡಲು ನನಗೊಂದು ಕಾರಣವಿತ್ತು. ಅರಸೀಕೆರೆಯ ನನ್ನ ಗೆಳೆಯನೊಬ್ಬನ ಮನೆಯಲ್ಲಿ ಅವನ ತಂಗಿಯನ್ನು ಬಿ.ಎಡ್. ತರಗತಿಗೆ ಸೇರಿಸುವ ಮಾತು ನಡೆಯಿತು. ತಂದೆಗೆ ಸಾಲ ಮಾಡಿಯಾದರೂ ಓದಿಸುವ ಆಸೆ. ದೊಡ್ಡಪ್ಪನವರು ಒಪ್ಪಲಿಲ್ಲ. ಕಡೆಯ ದಿನಗಳು ಬಂದಿವೆ, ಯುದ್ಧ, ರೋಗ, ಭೂಕಂಪಗಳ ಗುರುತುಗಳೆಲ್ಲ ಕಾಣುತ್ತಿವೆ, ಎರಡು ವರ್ಷದ ಓದಿಗೆ ಹತ್ತು ವರ್ಷದ ಸಾಲವನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ವಿವೇಕವಲ್ಲವೆಂಬುದು ಅವರ ವಾದ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಬೆಳೆದವರು. ಇಂದು ಬೇರೆ ಬೇರೆ ಸಭೆಗಳಿಗೆ ಹೋಗುತ್ತಾರೆ. ಗೆಳೆಯನು ನನ್ನನ್ನು ಕೇಳಿದನು: “ಅಪ್ಪ ಓದುವುದೂ ಅದೇ ಬೈಬಲ್, ದೊಡ್ಡಪ್ಪ ಓದುವುದೂ ಅದೇ ಬೈಬಲ್. ನೀನು ಇತಿಹಾಸ ಓದುವವನಲ್ಲವೇ, ಇಬ್ಬರಿಗೂ ಬೇರೆ ಬೇರೆ ಅರ್ಥ ಹೇಗೆ ಬಂತು ಹೇಳು.” ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದಾಗ ದೊರೆತ ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೂಲ ಗ್ರಂಥಗಳು

ಬೈಬಲಿನಲ್ಲಿ ಅಂತ್ಯಕಾಲವನ್ನು ಕುರಿತ ಮಾತುಗಳು ಹಲವು ಕಡೆ ಚದುರಿವೆ. ಮುಖ್ಯವಾದವು ನಾಲ್ಕು. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದಲ್ಲಿ ನಾಲ್ಕು ಮೃಗಗಳ ಕನಸೂ ಎಪ್ಪತ್ತು ವಾರಗಳ ಲೆಕ್ಕವೂ ಬರುತ್ತವೆ. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ದೇವಾಲಯದ ನಾಶವನ್ನೂ ಮುಂದಿನ ಸಂಕಟಗಳನ್ನೂ ಯೇಸು ತನ್ನ ಶಿಷ್ಯರಿಗೆ ಹೇಳುತ್ತಾನೆ. ಪೌಲನು ಥೆಸಲೋನಿಕದ ಸಭೆಗೆ ಬರೆದ ಪತ್ರಗಳಲ್ಲಿ ಪ್ರಭುವಿನ ಪುನರಾಗಮನದ ವಿಚಾರವಿದೆ. ಕೊನೆಯದು, ಬೈಬಲಿನ ಕಟ್ಟಕಡೆಯ ಗ್ರಂಥವಾದ ಪ್ರಕಟನೆ. ಯೋಹಾನನೆಂಬವನು ಪತ್ಮೋಸ್ ದ್ವೀಪದಲ್ಲಿ ಕಂಡ ದರ್ಶನಗಳನ್ನು, ಇಂದಿನ ಟರ್ಕಿ ದೇಶದಲ್ಲಿದ್ದ ಏಳು ಸಭೆಗಳಿಗೆ ಬರೆದ ಗ್ರಂಥ ಇದು. ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿತವಾಯಿತೆಂದು ಬಹುಮಂದಿ ವಿದ್ವಾಂಸರ ಮತ.

ಈ ಗ್ರಂಥದ ಹೆಸರನ್ನೇ ಸ್ವಲ್ಪ ಗಮನಿಸಬೇಕು. ಗ್ರೀಕಿನಲ್ಲಿ ಅದು ‘ಅಪೊಕಾಲಿಪ್ಸಿಸ್’. ಅದರ ಅರ್ಥ ಮುಸುಕನ್ನು ತೆಗೆಯುವುದು ಎಂದು. ಇಂದು ಇಂಗ್ಲಿಷಿನಲ್ಲಿ ಆ ಪದ ಮಹಾವಿನಾಶಕ್ಕೆ ಪರ್ಯಾಯವಾಗಿಬಿಟ್ಟಿದೆ. ಕನ್ನಡದ ಭಾಷಾಂತರಕಾರರು ‘ಪ್ರಕಟನೆ’ ಎಂದು ಇಟ್ಟ ಹೆಸರಿನಲ್ಲಿ ಭಯದ ಸೋಂಕಿಲ್ಲ. ಮರೆಯಾಗಿದ್ದುದು ಬಯಲಾಯಿತು ಎಂಬ ಮೂಲಾರ್ಥವೇ ಉಳಿದಿದೆ. ರೋಮನ್ ಸಾಮ್ರಾಜ್ಯದ ಹಿಂಸೆಗೆ ಅಂಜಿ ಬದುಕುತ್ತಿದ್ದ ಸಣ್ಣ ಸಣ್ಣ ಸಭೆಗಳಿಗೆ ಧೈರ್ಯ ಹೇಳಲು ಬರೆದ ಗ್ರಂಥ ಇದೆಂಬುದನ್ನು ಎಲ್ಲ ಪಂಥದವರೂ ಹೆಚ್ಚು ಕಡಮೆ ಒಪ್ಪುತ್ತಾರೆ. ಒಪ್ಪಿಗೆ ಇಲ್ಲಿಗೆ ಮುಗಿಯುತ್ತದೆ. ಭಿನ್ನಾಭಿಪ್ರಾಯ ಇಲ್ಲಿಂದ ಮೊದಲಾಗುತ್ತದೆ.

ದರ್ಶನದ ಭಾಷೆ ಸಂಕೇತಗಳ ಭಾಷೆ. ಏಳು ಮುದ್ರೆಗಳು, ಏಳು ತುತೂರಿಗಳು, ಹತ್ತು ಕೊಂಬುಗಳ ಮೃಗ ಇವೆಲ್ಲ ಅಲ್ಲಿ ಬರುತ್ತವೆ. ಇಂಥ ಭಾಷೆಗೆ ಹಲವು ಅರ್ಥ ಹುಟ್ಟುವುದು ಸಹಜ. ಮೈಲಾರದ ಕಾರಣಿಕವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಒಂದೇ ಒಂದು ವಾಕ್ಯ ನುಡಿಯುತ್ತಾನೆ. ಜನ ಊರಿಗೆ ಹಿಂದಿರುಗುವ ಹೊತ್ತಿಗೆ ರೈತನು ಅದರಲ್ಲಿ ಮಳೆಯನ್ನೂ, ವ್ಯಾಪಾರಿಯು ಧಾರಣೆಯನ್ನೂ, ರಾಜಕಾರಣಿಯು ಸರ್ಕಾರದ ಅಳಿವು ಉಳಿವನ್ನೂ ಕಂಡಿರುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕೇಳುವವನು ಯಾವ ಪ್ರಶ್ನೆಯನ್ನು ಹೊತ್ತು ಹೋಗಿರುವನೋ ಅದಕ್ಕೆ ತಕ್ಕ ಉತ್ತರವನ್ನು ಅವನು ಹೊತ್ತು ತರುತ್ತಾನೆ. ಪ್ರಕಟನೆಯ ವ್ಯಾಖ್ಯಾನಕಾರರೂ ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಹೊತ್ತು ಆ ಗ್ರಂಥದ ಬಳಿಗೆ ಹೋಗಿದ್ದಾರೆ. ಇದು ಯಾವ ಕಾಲದ ಮಾತು? ಸಾವಿರ ವರ್ಷದ ಆಳ್ವಿಕೆ ಎಂದರೇನು?

ಮೊದಲನೆಯ ಪ್ರಶ್ನೆ: ಇದು ಯಾವ ಕಾಲದ ಮಾತು?

ಇದಕ್ಕೆ ನಾಲ್ಕು ಉತ್ತರಗಳುಂಟು. ಮೊದಲನೆಯವರು ಇದರಲ್ಲಿ ಬಹುಭಾಗ ನಡೆದುಹೋದ ಸಂಗತಿ ಎನ್ನುತ್ತಾರೆ. ಕ್ರಿ.ಶ. 70ರಲ್ಲಿ ರೋಮನ್ ಸೇನಾನಿ ಟೈಟಸನು ಯೆರೂಸಲೇಮನ್ನು ಹಿಡಿದನು, ದೇವಾಲಯ ಸುಟ್ಟುಹೋಯಿತು. ಮತ್ತಾಯನ 24ನೆಯ ಅಧ್ಯಾಯ ಹೇಳುವುದು ಇದನ್ನೇ ಎಂಬುದು ಅವರ ನಿಲುವು. ಇವರನ್ನು ಭೂತವಾದಿಗಳೆಂದು ಕರೆಯೋಣ. ಒಂದು ನಗರದ ನಾಶಕ್ಕೆ ಸೂರ್ಯಚಂದ್ರರು ಕಪ್ಪಾಗುವ ವರ್ಣನೆ ಏತಕ್ಕೆ ಎಂದು ಕೇಳುವವರು ಒಮ್ಮೆ ಹಳೇಬೀಡಿಗೆ ಹೋಗಿ ನಿಲ್ಲಬೇಕು. ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿ ಮೆರೆದ ಊರು ಅದು. 1311ರಲ್ಲಿ ಮಲಿಕ್ ಕಾಫೂರನ ದಂಡು ಅದರ ಬಾಗಿಲಿಗೆ ಬಂತು. ಮುಂದಿನ ದಾಳಿಗಳಲ್ಲಿ ನಗರ ಹಾಳಾಯಿತು. ಉಳಿದ ಹೆಸರು ಹಳೆಯ ಬೀಡು. ಅಲ್ಲಿ ಹುಟ್ಟಿ ಬೆಳೆದವನಿಗೆ ಅಂದು ಮುಗಿದದ್ದು ಒಂದು ಊರಲ್ಲ, ಲೋಕವೇ. ಯೆರೂಸಲೇಮಿನ ಯೆಹೂದ್ಯನಿಗೂ ಹಾಗೆಯೇ ಅನ್ನಿಸಿರಬೇಕು.

ಭೂತವಾದಿಗಳು ಮುಂದಿಡುವ ಇನ್ನೊಂದು ಆಧಾರ 666 ಎಂಬ ಸಂಖ್ಯೆ. ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಮೃಗದ ಸಂಖ್ಯೆ ಇದೆಂದು ಹೇಳಿದೆ. ಅಕ್ಷರಗಳಿಗೆ ಸಂಖ್ಯೆ ಹಚ್ಚುವ ಪದ್ಧತಿ ನಮಗೂ ಹೊಸದಲ್ಲ. ಕಟಪಯಾದಿ ಸೂತ್ರದ ಪ್ರಕಾರ ಧೀರಶಂಕರಾಭರಣದ ‘ಧೀ’ ಎಂದರೆ 9, ‘ರ’ ಎಂದರೆ 2. ತಿರುಗಿಸಿ ಓದಿದರೆ 29, ಮೇಳಕರ್ತಗಳಲ್ಲಿ ಆ ರಾಗದ ಕ್ರಮಸಂಖ್ಯೆ. ಹೀಬ್ರೂ ಭಾಷೆಯಲ್ಲಿಯೂ ಪ್ರತಿ ಅಕ್ಷರಕ್ಕೆ ಒಂದು ಬೆಲೆಯುಂಟು. ‘ನೇರೋನ್ ಕೇಸರ್’ ಎಂದು ಆ ಲಿಪಿಯಲ್ಲಿ ಬರೆದು ಕೂಡಿದರೆ ಮೊದಲ ಪದಕ್ಕೆ 306, ಎರಡನೆಯದಕ್ಕೆ 360, ಒಟ್ಟು 666 ಆಗುತ್ತದೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 666ರ ಬದಲು 616 ಎಂದಿದೆ. ‘ನೇರೋ’ ಎಂದು ಕೊನೆಯ ನಕಾರವನ್ನು ಬಿಟ್ಟು ಬರೆದರೆ 50 ಕಳೆದು ಸರಿಯಾಗಿ 616 ಬರುತ್ತದೆ. ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ. ಆದುದರಿಂದ ಮೃಗವನ್ನು ನಾಳೆಯ ಪತ್ರಿಕೆಯಲ್ಲಿ ಹುಡುಕಬೇಕಾಗಿಲ್ಲ ಎಂದು ಇವರ ತೀರ್ಮಾನ. ಆದರೆ ಪುನರಾಗಮನವೂ ಅಂತಿಮ ತೀರ್ಪೂ ಇನ್ನೂ ಉಳಿದಿವೆಯಲ್ಲ, ಅವು ಯಾವಾಗ ಎಂದು ಎದುರಾಳಿಗಳು ಕೇಳಿದಾಗ ಇವರೂ ಒಂದಷ್ಟು ಭಾಗವನ್ನು ಮುಂದಕ್ಕೆ ಬಿಡಲೇಬೇಕಾಗುತ್ತದೆ.

ಎರಡನೆಯವರು ಇತಿಹಾಸವಾದಿಗಳು. ಯೋಹಾನನ ಕಾಲದಿಂದ ಲೋಕಾಂತ್ಯದವರೆಗಿನ ಇತಿಹಾಸವೆಲ್ಲ ಪ್ರಕಟನೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಅಡಗಿದೆಯೆಂಬುದು ಇವರ ನಂಬಿಕೆ. 16ನೆಯ ಶತಮಾನದಲ್ಲಿ ರೋಮಿನ ಗುರುಪೀಠದೊಡನೆ ಜಗಳವಾಡಿ ಬೇರೆಯಾದ ಪ್ರಾಟೆಸ್ಟೆಂಟರಿಗೆ ಈ ಮಾರ್ಗ ಬಹು ಪ್ರಿಯವಾಯಿತು. ಪೋಪನೇ ಕ್ರಿಸ್ತವಿರೋಧಿ ಎಂದು ಲೂಥರ್ ಮೊದಲಾದವರು ಸಾರಿದರು. ಭವಿಷ್ಯವಾಣಿಯಲ್ಲಿ ಒಂದು ದಿನವೆಂದರೆ ಒಂದು ವರ್ಷ ಎಂಬುದು ಇವರ ಲೆಕ್ಕದ ಕೀಲಿ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತನು ದಾನಿಯೇಲನ ಗ್ರಂಥದ 2300 ದಿನಗಳನ್ನು ಹೀಗೆ 2300 ವರ್ಷಗಳನ್ನಾಗಿ ಮಾಡಿ, ಕ್ರಿ.ಪೂ. 457ರಿಂದ ಎಣಿಸಿದನು. ಸೊನ್ನೆಯ ವರ್ಷವಿಲ್ಲದುದರಿಂದ ಒಂದನ್ನು ಕೂಡಿಸಿದರೆ 1844. ಕೊನೆಗೆ ಅವನ ಅನುಯಾಯಿಗಳು 1844ರ ಅಕ್ಟೋಬರ್ 22ನೆಯ ದಿನವನ್ನೇ ಗೊತ್ತುಮಾಡಿದರು. ಬೆಳೆ ಕೊಯ್ಯದೆ ಬಿಟ್ಟವರಿದ್ದರು. ಮರುದಿನ ಸೂರ್ಯ ಎಂದಿನಂತೆ ಹುಟ್ಟಿದನು. ಅಮೆರಿಕದ ಚರಿತ್ರೆಯಲ್ಲಿ ಇದಕ್ಕೆ ‘ಮಹಾನಿರಾಶೆ’ ಎಂದೇ ಹೆಸರು. ಆ ನಿರಾಶೆಯಿಂದ ಚೇತರಿಸಿಕೊಂಡು, ಅಂದು ನಡೆದದ್ದು ಪರಲೋಕದ ಒಂದು ಘಟನೆಯೆಂದು ವಿವರಿಸಿಕೊಂಡವರಲ್ಲಿ ಒಂದು ಗುಂಪು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು.

ಮೂರನೆಯವರು ಭವಿಷ್ಯವಾದಿಗಳು. ಪ್ರಕಟನೆಯ 4ನೆಯ ಅಧ್ಯಾಯದಿಂದ ಮುಂದಿನ ಬಹುಭಾಗವು ಇನ್ನೂ ನಡೆಯಬೇಕಾದದ್ದು ಎಂಬುದು ಇವರ ಅರ್ಥ. ವಿನೋದವೆಂದರೆ ಈ ಮಾರ್ಗಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖನು 16ನೆಯ ಶತಮಾನದ ಕೊನೆಯಲ್ಲಿದ್ದ ಫ್ರಾನ್ಸಿಸ್ಕೊ ರಿಬೆರಾ ಎಂಬ ಜೆಸೂಯಿಟ್ ಪಾದ್ರಿ. ಕ್ರಿಸ್ತವಿರೋಧಿಯು ಮುಂದೆ ಬರತಕ್ಕವನೆಂದು ತೋರಿಸಿದರೆ ಪೋಪನ ಮೇಲಿನ ಆರೋಪ ಬಿದ್ದುಹೋಗುತ್ತದಷ್ಟೆ. ಅದೇ ಮಾರ್ಗ ಮುನ್ನೂರು ವರ್ಷಗಳ ತರುವಾಯ ಪ್ರಾಟೆಸ್ಟೆಂಟರ ಒಂದು ದೊಡ್ಡ ವರ್ಗದ ಮುಖ್ಯ ನಂಬಿಕೆಯಾಯಿತು.

ನಾಲ್ಕನೆಯವರು ಸಂಕೇತವಾದಿಗಳು. ಮೃಗವು ಒಬ್ಬ ರಾಜನಲ್ಲ, ಯಾವ ಕಾಲದಲ್ಲಿಯಾದರೂ ದೇವರ ಸ್ಥಾನವನ್ನು ತಾನೇ ಕೇಳುವ ಅಧಿಕಾರ. ಬಾಬಿಲೋನ್ ಒಂದು ಊರಲ್ಲ, ಬಡವರನ್ನು ಹಿಂಡಿ ಬಾಳುವ ಸಂಪತ್ತು. ಹೀಗೆ ಓದುವವರಿಗೆ ಕಾಲದ ಲೆಕ್ಕವೇ ಬೇಕಾಗಿಲ್ಲ. ಆದರೆ ಎಲ್ಲವೂ ಸಂಕೇತವಾದರೆ ಕೊನೆಗೆ ನಿಜವಾಗಿ ಏನಾದರೂ ನಡೆಯುವುದೇ ಎಂಬ ಆಕ್ಷೇಪಣೆ ಇವರನ್ನು ಬಿಡದು.

ಎರಡನೆಯ ಪ್ರಶ್ನೆ: ಸಾವಿರ ವರ್ಷ

ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಸೈತಾನನನ್ನು ಸಾವಿರ ವರ್ಷ ಕಟ್ಟಿಹಾಕುವ, ಆ ಕಾಲದಲ್ಲಿ ಕ್ರಿಸ್ತನೊಡನೆ ಭಕ್ತರು ಆಳುವ ವಿಚಾರವಿದೆ. ಆರು ವಚನಗಳಲ್ಲಿ ಸಾವಿರ ವರ್ಷವೆಂಬ ಮಾತು ಆರು ಸಲ ಬರುತ್ತದೆ. ಈ ಕೆಲವೇ ಸಾಲುಗಳ ಮೇಲೆ ಕ್ರೈಸ್ತಲೋಕ ಮೂರು ಪಕ್ಷವಾಗಿದೆ.

ಕ್ರಿಸ್ತನು ಮೊದಲು ಬರುವನು, ಆಮೇಲೆ ಸಾವಿರ ವರ್ಷದ ಆಳ್ವಿಕೆ ಭೂಮಿಯ ಮೇಲೆಯೇ ನಡೆಯುವುದು ಎಂಬುದು ಒಂದು ಪಕ್ಷ. ಎರಡನೆಯ ಶತಮಾನದ ಐರಿನೇಯಸ್ ಮುಂತಾದವರ ನಂಬಿಕೆ ಇದೇ. ಹಿಂಸೆಗೊಳಗಾದ ಜನಕ್ಕೆ ಇದೇ ಭೂಮಿಯಲ್ಲಿ ನ್ಯಾಯ ದೊರಕುವುದೆಂಬ ಭರವಸೆ ಇದರಲ್ಲಿದೆ. ಎರಡನೆಯ ಪಕ್ಷ ನಾಲ್ಕು ಮತ್ತು ಐದನೆಯ ಶತಮಾನಗಳಲ್ಲಿದ್ದ ಅಗಸ್ಟೀನನದು. ಸಾವಿರವೆಂಬುದು ಪೂರ್ಣತೆಯ ಸಂಕೇತ, ಸಭೆಯ ಕಾಲವೇ ಆ ಆಳ್ವಿಕೆ, ಅದು ಈಗಲೇ ನಡೆಯುತ್ತಿದೆ ಎಂದು ಅವನು ತನ್ನ ‘ದೇವನಗರ’ ಎಂಬ ಗ್ರಂಥದ 20ನೆಯ ಭಾಗದಲ್ಲಿ ವಾದಿಸಿದನು. ರೋಮನ್ ಕ್ಯಾಥೊಲಿಕ್ ಸಭೆ ಮುಖ್ಯವಾಗಿ ಈ ದಾರಿಯನ್ನೇ ಹಿಡಿದಿದೆ. ಭೂಮಿಯ ಮೇಲಿನ ಸಾವಿರ ವರ್ಷದ ರಾಜ್ಯವನ್ನು ಸೌಮ್ಯ ರೂಪದಲ್ಲಿ ಬೋಧಿಸುವುದು ಸಹ ನಿರಪಾಯವಲ್ಲವೆಂದು ರೋಮ್ 1944ರಲ್ಲಿ ಅಪ್ಪಣೆ ಹೊರಡಿಸಿತು. ಮೂರನೆಯ ಪಕ್ಷದವರ ಪ್ರಕಾರ ಸುವಾರ್ತೆಯ ಪ್ರಸಾರದಿಂದ ಲೋಕ ಕ್ರಮಕ್ರಮವಾಗಿ ಉತ್ತಮವಾಗುತ್ತ ಹೋಗಿ ಸುವರ್ಣಯುಗ ಬರುವುದು. ಕ್ರಿಸ್ತನ ಆಗಮನ ಅದರ ಕೊನೆಗೆ. 18 ಮತ್ತು 19ನೆಯ ಶತಮಾನಗಳ ಮಿಷನ್ ಚಳವಳಿಗೆ ಉತ್ಸಾಹ ತುಂಬಿದ್ದರಲ್ಲಿ ಈ ನಂಬಿಕೆಯ ಪಾಲು ದೊಡ್ಡದು. 1914ರಲ್ಲಿ ಆರಂಭವಾದ ಮಹಾಯುದ್ಧ ಆ ಆಶಾವಾದಕ್ಕೆ ಬಲವಾದ ಪೆಟ್ಟು ಕೊಟ್ಟಿತು.

ಮೊದಲನೆಯ ಪಕ್ಷಕ್ಕೆ 19ನೆಯ ಶತಮಾನದಲ್ಲಿ ಒಂದು ಹೊಸ ಕವಲು ಒಡೆಯಿತು. ಬ್ರೆದ್ರನ್ ಪಂಥದ ಜಾನ್ ನೆಲ್ಸನ್ ಡಾರ್ಬಿ (1800–1882) ಎಂಬವನು ಕ್ರಿಸ್ತನ ಆಗಮನವನ್ನು ಎರಡು ಹಂತಗಳಾಗಿ ವಿಂಗಡಿಸಿದನು. ಮೊದಲು ನಿಜಭಕ್ತರು ಇದ್ದಕ್ಕಿದ್ದಂತೆ ಮೇಲಕ್ಕೆ ಎತ್ತಲ್ಪಡುವರು. ಅನಂತರ ಏಳು ವರ್ಷದ ಮಹಾಸಂಕಟ. ಅದಾದ ಮೇಲೆ ಕ್ರಿಸ್ತನು ಪ್ರತ್ಯಕ್ಷವಾಗಿ ಬರುವನು. 1909ರಲ್ಲಿ ಅಚ್ಚಾದ ಸ್ಕೋಫೀಲ್ಡನ ಟಿಪ್ಪಣಿಸಹಿತ ಬೈಬಲಿನ ಮೂಲಕ ಈ ಕಲ್ಪನೆ ಲೋಕವೆಲ್ಲ ಹರಡಿತು. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪಿತವಾದಾಗ ಈ ಪಕ್ಷದವರು ಅದನ್ನು ದೊಡ್ಡ ಗುರುತೆಂದು ಎಣಿಸಿದರು. ಪೆಂಟೆಕೋಸ್ಟ್ ಸಭೆಗಳಲ್ಲಿ ಬಹುಪಾಲು ಇದನ್ನು ನಂಬುತ್ತವೆ. ನನ್ನ ಗೆಳೆಯನ ದೊಡ್ಡಪ್ಪನವರ ಮಾತಿನ ಮೂಲ ಇಲ್ಲಿದೆ.

ಕನ್ನಡನಾಡಿಗೆ ಬಂದ ದಾರಿಗಳು

ಅರಸೀಕೆರೆ ಜಂಕ್ಷನ್ನಿನಿಂದ ಬೆಂಗಳೂರಿನ ಕಡೆಗೆ ಹೊರಟ ರೈಲು ತಿಪಟೂರನ್ನು ದಾಟಿ ಗುಬ್ಬಿಯನ್ನು ಹಾಯುತ್ತದೆ. ಇನ್ನೊಂದು ಹಳಿ ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರಿಗೆ ಇಳಿಯುತ್ತದೆ. ಈ ಎರಡು ಊರುಗಳೂ ನಮ್ಮ ವಿಷಯಕ್ಕೆ ಸಂಬಂಧಪಟ್ಟವು.

ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿತು. ಅಲ್ಲಿ ಕೆಲವು ಕಾಲ ಕೆಲಸ ಮಾಡಿದ ವಿಲಿಯಂ ಆರ್ಥರ್ ಎಂಬವನು ಸ್ವದೇಶಕ್ಕೆ ಹಿಂದಿರುಗಿ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಪುಸ್ತಕ ಬರೆದನು. 1856ರ ಅವನ ಇನ್ನೊಂದು ಪುಸ್ತಕದಲ್ಲಿ ದೇವರ ಆತ್ಮದ ಬಲದಿಂದ ಇಡೀ ಲೋಕವೇ ಮಾರ್ಪಡಬಲ್ಲದೆಂಬ ಆಶಯ ತುಂಬಿದೆ. ಮೇಲೆ ಹೇಳಿದ ಮೂರನೆಯ ಪಕ್ಷದ ಧಾಟಿ ಇದು. ಮಂಗಳೂರಿಗೆ ಬಾಸೆಲ್ ಮಿಷನ್ 1834ರಲ್ಲಿ ಬಂತು. ಅದರ ಪಾದ್ರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಭಕ್ತಿಪಂಥದ ಮೇಲೆ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಎಂಬ ಪಂಡಿತನ ಪ್ರಭಾವ ಅಪಾರವಾಗಿತ್ತು. ಗ್ರೀಕ್ ಮೂಲವನ್ನು ಅಕ್ಷರ ಅಕ್ಷರ ಪರಿಶೀಲಿಸಿದ ಈ ವಿದ್ವಾಂಸನು ಪ್ರಕಟನೆಯ ಸಂಖ್ಯೆಗಳನ್ನು ಗುಣಿಸಿ ಭಾಗಿಸಿ, 1836ರ ಜೂನ್ 18ರಂದು ಸಾವಿರ ವರ್ಷದ ಕಾಲ ಮೊದಲಾಗುವುದೆಂದು ಲೆಕ್ಕ ಹಾಕಿದ್ದನು.

ಇನ್ನೊಂದು ಸ್ವಾರಸ್ಯ. ವೆಸ್ಲಿಯನ್ ಪಂಥದ ಮೂಲಪುರುಷ ಜಾನ್ ವೆಸ್ಲಿಯು 1755ರಲ್ಲಿ ಹೊಸ ಒಡಂಬಡಿಕೆಗೆ ಟಿಪ್ಪಣಿ ಬರೆದಾಗ ಪ್ರಕಟನೆಯ ಭಾಗಕ್ಕೆ ಬಹುಮಟ್ಟಿಗೆ ಈ ಬೆಂಗೆಲನನ್ನೇ ಆಧರಿಸಿದನು. ಆದರೆ ಅವನ ಕಾಲನಿರ್ಣಯಕ್ಕೆ ತಾನು ಹೊಣೆಯಾಗಲಿಲ್ಲ. ಹೀಗೆ ಗುಬ್ಬಿಯ ದಾರಿಯೂ ಮಂಗಳೂರಿನ ದಾರಿಯೂ ಹಿಂದೆ ಹೋದರೆ ಒಬ್ಬನೇ ಪಂಡಿತನ ಮೇಜಿನ ಬಳಿ ಕೂಡುತ್ತವೆ.

ಬೆಂಗೆಲನು ಗೊತ್ತುಮಾಡಿದ ವರ್ಷ ಬಂತು, ಹೋಯಿತು. ಅದೇ 1836ರಲ್ಲಿ ಅದೇ ವುರ್ಟೆಂಬರ್ಗಿನಿಂದ ಹೆರ್ಮನ್ ಮೋಗ್ಲಿಂಗ್ ಎಂಬ ತರುಣನು ಮಂಗಳೂರಿಗೆ ಬಂದಿಳಿದನು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವನು ಇವನೇ. ಆ ಮಿಷನ್ನು 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. 1853ರಲ್ಲಿ ಬಂದ ಕಿಟ್ಟೆಲನು ಹತ್ತಾರು ವರ್ಷ ದುಡಿದು, ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟನು. ಪ್ರಭುವಿನ ಆಗಮನ ಸಮೀಪಿಸಿತೆಂಬ ಮಾತು ಪ್ರಾರ್ಥನೆ ಪ್ರಾರ್ಥನೆಯಲ್ಲಿಯೂ ಕೇಳಿಬರುತ್ತಿದ್ದ ವಾತಾವರಣದಿಂದ ಹೊರಟ ಜನ ನೂರು ವರ್ಷ ಬಾಳುವ ಹೆಂಚನ್ನು ಸುಟ್ಟರು, ಅದಕ್ಕಿಂತ ಹೆಚ್ಚು ಬಾಳುವ ನಿಘಂಟನ್ನು ಕಟ್ಟಿದರು. ಇದನ್ನು ನಾವು ಮರೆಯಲಾಗದು.

ನಮ್ಮ ಜಿಲ್ಲೆಯ ಇಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಕ್ಯಾಥೊಲಿಕರು 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದವರು. ಅವರದು ಅಗಸ್ಟೀನನ ದಾರಿ. ವೆಸ್ಲಿಯನ್ ಮಿಷನ್ನಿನ ಪರಂಪರೆ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಲೀನವಾಯಿತು. ಈ ಸಭೆ ಅಂಗೀಕರಿಸುವ ಪುರಾತನ ವಿಶ್ವಾಸಪ್ರಮಾಣಗಳಲ್ಲಿ ಕ್ರಿಸ್ತನು ಮರಳಿ ಬಂದು ತೀರ್ಪು ಮಾಡುವನೆಂಬ ನಂಬಿಕೆಯಿದೆ. ಸಾವಿರ ವರ್ಷದ ಮಾತಾಗಲಿ ಕಾಲದ ಲೆಕ್ಕವಾಗಲಿ ಇಲ್ಲ. ಆ ವಿಷಯದಲ್ಲಿ ಸದಸ್ಯರು ತಮ್ಮ ತಮ್ಮ ಅಭಿಪ್ರಾಯ ಇಟ್ಟುಕೊಳ್ಳಬಹುದು. ಇವೆರಡರ ಪಕ್ಕದಲ್ಲಿ ಡಾರ್ಬಿಯ ಕ್ರಮವನ್ನು ಬೋಧಿಸುವ ಪ್ರಾರ್ಥನಾ ಕೂಟಗಳೂ ಇವೆ.

ಗಡುವುಗಳ ಗತಿ

ಇಷ್ಟು ಪಕ್ಷಗಳಲ್ಲಿ ಯಾವುದು ಸರಿ ಎಂಬುದನ್ನು ಚರಿತ್ರೆ ಹೇಳಲಾರದು. ಆದರೆ ಒಂದು ಮಾತನ್ನು ಮಾತ್ರ ಅದು ಖಂಡಿತವಾಗಿ ಹೇಳುತ್ತದೆ. ದಿನ ಗೊತ್ತುಮಾಡಿದವರ ಗಡುವುಗಳೆಲ್ಲ ಸಾಮಾನ್ಯ ದಿನಗಳಂತೆಯೇ ಕಳೆದುಹೋಗಿವೆ. 1836 ಹೋಯಿತು, 1844 ಹೋಯಿತು. ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಬೋಧಕನು 2011ರ ಮೇ 21 ಎಂದು ಸಾರಿದಾಗ, ಕೂಡಿಟ್ಟ ಹಣವನ್ನೆಲ್ಲ ಪ್ರಚಾರಕ್ಕೆ ಕೊಟ್ಟವರಿದ್ದರು. ಮೇ 22ರಂದು ಅವರು ಬರಿಗೈಯವರಾಗಿ ಎದ್ದರು. ಗಣಿತಜ್ಞರಲ್ಲಿ ಅಗ್ರಗಣ್ಯನಾದ ನ್ಯೂಟನ್ನನೂ ಈ ಲೆಕ್ಕದಲ್ಲಿ ಬಹಳ ವರ್ಷ ಕಳೆದನು. 2060ಕ್ಕೆ ಮುಂಚೆ ಅಂತ್ಯವಾಗಲು ಕಾರಣ ಕಾಣದೆಂದು ಅವನ ಖಾಸಗಿ ಕಾಗದಗಳಲ್ಲಿದೆ. ಆತುರಗಾರರು ದಿನ ಹೇಳಿ ಹೇಳಿ ಶಾಸ್ತ್ರಕ್ಕೆ ಅಪಕೀರ್ತಿ ತರುವುದನ್ನು ತಡೆಯುವುದೇ ತನ್ನ ಉದ್ದೇಶವೆಂದೂ ಅವನು ಬರೆದಿಟ್ಟಿದ್ದಾನೆ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದೆಂಬ ಎಚ್ಚರಿಕೆ ಮತ್ತಾಯನ ಅದೇ 24ನೆಯ ಅಧ್ಯಾಯದಲ್ಲಿದೆ. ಗೆಳೆಯನ ದೊಡ್ಡಪ್ಪನವರ ಪಕ್ಷದ ಗಂಭೀರ ಬೋಧಕರು ಕೂಡ ದಿನ ಹೇಳುವುದನ್ನು ಒಪ್ಪುವುದಿಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು.

ಗೆಳೆಯನಿಗೆ ನಾನು ಕೊಟ್ಟ ಉತ್ತರ ಇಷ್ಟು. ನಿನ್ನ ತಂದೆಯಾಗಲಿ ದೊಡ್ಡಪ್ಪನವರಾಗಲಿ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಒಂದೇ ಪುಟಕ್ಕೆ ಬೇರೆ ಬೇರೆ ಪ್ರಶ್ನೆ ಹಾಕಿದ್ದಾರೆ. ಒಬ್ಬರ ಹಿಂದೆ ಹದಿನಾರು ಶತಮಾನದ ಪರಂಪರೆಯಿದೆ, ಇನ್ನೊಬ್ಬರ ಹಿಂದೆ ಇನ್ನೂ ಹಳೆಯ ನಿರೀಕ್ಷೆಯೊಂದು ಹೊಸ ರೂಪದಲ್ಲಿದೆ. ದೊಡ್ಡಪ್ಪನವರ ನಂಬಿಕೆಯನ್ನು ಅಲ್ಲಗಳೆಯಬೇಡ. ಬಡವನಿಗೆ, ನೊಂದವನಿಗೆ ನ್ಯಾಯ ತಡವಾಗದೆಂಬ ಆಸೆ ಅದರಲ್ಲಿದೆ. ಲೋಕ ತಾನಾಗಿಯೇ ಸರಿಹೋಗುವುದೆಂದು ಉಳ್ಳವರು ನೆಮ್ಮದಿಯಿಂದ ಹೇಳುವ ಮಾತಿಗಿಂತ ಅದು ಎಷ್ಟೋ ಸಲ ಪ್ರಾಮಾಣಿಕ. ಆದರೆ ಸಾಲ ಮಾಡಬೇಕೇ ಬೇಡವೇ ಎಂಬುದನ್ನು ಮನೆಯ ಆದಾಯ ನೋಡಿ ತೀರ್ಮಾನಿಸಿ, ಪ್ರಕಟನೆಯ ಅಂಕಿ ನೋಡಿ ಅಲ್ಲ. ಮಂಗಳೂರಿನ ಪಾದ್ರಿಗಳ ಕಥೆಯನ್ನು ದೊಡ್ಡಪ್ಪನವರಿಗೆ ಹೇಳು. ಅವರು ಅದೇ ಬೈಬಲನ್ನು ಓದಿ ಅಚ್ಚುಕೂಟ ತೆರೆದವರು. ಗೆಳೆಯನು ಹೋಗಿ ಹೇಳಿದನಂತೆ. ದೊಡ್ಡಪ್ಪನವರು ಒಪ್ಪಿದೆನೆನ್ನಲಿಲ್ಲ, ನಿಘಂಟು ಎಷ್ಟು ವರ್ಷ ಹಿಡಿಯಿತು ಎಂದು ಮಾತ್ರ ಕೇಳಿದರಂತೆ. ಆ ಮನೆಯ ತೀರ್ಮಾನ ಇನ್ನೂ ಆಗಿಲ್ಲ.

ಲೋಕಾಂತ್ಯದ ವಿಚಾರ ಹೊರನೋಟಕ್ಕೆ ನಾಳೆಯನ್ನು ಕುರಿತದ್ದು. ಪರಿಶೀಲಿಸಿದರೆ ಅದು ಇಂದಿನ ಕೆಲಸವನ್ನು ಕುರಿತದ್ದೆಂದು ತೋರುತ್ತದೆ. ಅಂತ್ಯ ದೂರವೆಂದು ನಂಬಿ ಸೋಮಾರಿಯಾಗಿ ಕುಳಿತವರೂ ಉಂಟು, ಹತ್ತಿರವೆಂದು ನಂಬಿ ನಿಘಂಟು ಬರೆದ ಪರಂಪರೆಯವರೂ ಉಂಟು. ಒಬ್ಬನ ನಂಬಿಕೆಯನ್ನು ಅವನು ಹೇಳುವ ವರ್ಷದಿಂದ ಅಳೆಯುವುದಕ್ಕಿಂತ ಆ ವರ್ಷ ಬರುವ ತನಕ ಅವನು ಮಾಡುವ ಕೆಲಸದಿಂದ ಅಳೆಯುವುದು ಮೇಲು. ಪರೀಕ್ಷೆಯ ದಿನ ಗೊತ್ತಿದ್ದೂ ಪುಸ್ತಕ ತೆರೆಯದ ನನ್ನ ಸಹಪಾಠಿ ಬಂಧುಗಳಿಗೆ ಈ ಮಾತನ್ನು ಇನ್ನೂ ವಿಸ್ತರಿಸಿ ಹೇಳಬೇಕಾಗಿಲ್ಲ.